ನೇರಳೆ ಬಣ್ಣ ಬಂತು, ಫೀನಾಲ್ ಅಂದುಬಿಟ್ಟೆ

ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಸಿಕ್ಕಿದ್ದು ಒಂದು ಚಿಟಿಕೆ ಬಿಳಿ ಪುಡಿ. ಹೆಸರಿಲ್ಲ, ಪೊಟ್ಟಣದ ಮೇಲೆ ಬರೀ ಒಂದು ನಂಬರ್. ಇದು ಯಾವ ಗುಂಪಿನ ಸಾವಯವ ಸಂಯುಕ್ತ ಅಂತ ಕಂಡುಹಿಡಿಯಬೇಕಿತ್ತು. ಸ್ವಲ್ಪ ಪುಡಿಯನ್ನು ನೀರಲ್ಲಿ ಅಲ್ಲಾಡಿಸಿ, ಫೆರಿಕ್ ಕ್ಲೋರೈಡ್ ದ್ರಾವಣ ಎರಡು ಹನಿ ಬಿಟ್ಟೆ. ಹಳದಿ ಹನಿ ಬಿದ್ದ ಜಾಗದಿಂದ ಕಡು ನೇರಳೆ ಬಣ್ಣ ಹೊಗೆಯ ಹಾಗೆ ಕೆಳಗಿಳಿಯಿತು. ಒಂದು ಸಲ ಅಲ್ಲಾಡಿಸಿದರೆ ಪ್ರನಾಳ ಪೂರ್ತಿ ನೇರಳೆ. ಅಷ್ಟು ಚೆಂದದ ಬಣ್ಣ ಬಂದ ಮೇಲೆ ಇನ್ನೇನು ನೋಡೋದು ಅನ್ನಿಸಿತು. ಫೆರಿಕ್ ಕ್ಲೋರೈಡಿಗೆ ನೇರಳೆ ಬಂದರೆ ಫೀನಾಲ್, ಅಂದರೆ ಆರು ಕಾರ್ಬನ್ನಿನ ಬೆಂಜೀನ್ ಉಂಗುರಕ್ಕೆ ಓಎಚ್ (ಆಕ್ಸಿಜನ್-ಹೈಡ್ರೋಜನ್ ಜೋಡಿ) ಅಂಟಿದ ಸಂಯುಕ್ತ, ಅಂತ ಓದಿದ್ದೆ. ಫೀನಾಲ್ ಅಂತ ಬರೆದು ಕೂತೆ.

ಪರೀಕ್ಷಕರು ಬಂದು ಹಾಳೆ ನೋಡಿದರು.

"ಬೈಕಾರ್ಬನೇಟ್ ಹಾಕಿ ನೋಡಿದ್ಯೇನಮ್ಮಾ?"

"ಇಲ್ಲ ಸರ್."

"ಹಾಕು, ನೋಡೋಣ."

ಸೋಡಿಯಂ ಬೈಕಾರ್ಬನೇಟ್ ದ್ರಾವಣಕ್ಕೆ ಒಂದಿಷ್ಟು ಪುಡಿ ಉದುರಿಸಿದೆ. ಬುಸ್ ಅಂತ ನೊರೆ ಎದ್ದಿತು. ಪ್ರತಿ ಕಣದ ಸುತ್ತಲೂ ಸಣ್ಣ ಸಣ್ಣ ಗುಳ್ಳೆ. ಅದು ಕಾರ್ಬನ್ ಡೈಆಕ್ಸೈಡ್. ಅಂದರೆ ಪುಡಿಯಲ್ಲಿ ಕಾರ್ಬಾಕ್ಸಿಲಿಕ್ ಆಮ್ಲದ ಗುಂಪು ಇದೆ, ಬರೀ ಫೀನಾಲ್ ಆಗಿದ್ದರೆ ನೊರೆ ಬರುತ್ತಲೇ ಇರಲಿಲ್ಲ. ನನ್ನ ಕೈಲಿದ್ದದ್ದು ಸ್ಯಾಲಿಸಿಲಿಕ್ ಆಮ್ಲ. ಬೆಂಜೀನ್ ಉಂಗುರ ಒಂದು, ಅದರ ಮೇಲೆ ಅಕ್ಕಪಕ್ಕದಲ್ಲೇ ಎರಡು ಗುಂಪು: ಒಂದು ಫೀನಾಲಿನ ಓಎಚ್, ಇನ್ನೊಂದು ಆಮ್ಲದ ಸಿಓಓಎಚ್. ನೇರಳೆ ಬಣ್ಣ ಸುಳ್ಳು ಹೇಳಿರಲಿಲ್ಲ. ನಾನು ಅರ್ಧ ಮಾತು ಕೇಳಿಸಿಕೊಂಡು ಎದ್ದಿದ್ದೆ ಅಷ್ಟೇ.

ಸಾವಯವ ಸಂಯುಕ್ತಗಳ ವರ್ಗೀಕರಣ ಅಂದರೆ ಏನು ಅಂತ ನನಗೆ ನಿಜವಾಗಿ ಅರ್ಥ ಆಗತೊಡಗಿದ್ದು ಅವತ್ತಿನಿಂದ. ಅದಕ್ಕೆ ಮುಂಚೆ ಅದು ಬಾಯಿಪಾಠದ ಪಟ್ಟಿಯಾಗಿತ್ತು. ಆಲ್ಕೇನ್, ಆಲ್ಕೀನ್, ಆಲ್ಕೈನ್, ಆಲ್ಕೊಹಾಲ್, ಈಥರ್, ಆಲ್ಡಿಹೈಡ್, ಕೀಟೋನ್, ಆಮ್ಲ, ಎಸ್ಟರ್, ಅಮೀನ್, ಅಮೈಡ್. ಎಡಗಡೆ ಹೆಸರು, ಬಲಗಡೆ ಸೂತ್ರ. ಈಗ ನನಗೆ ಅದು ಪಟ್ಟಿಯಾಗಿ ಕಾಣೋದಿಲ್ಲ. ಈ ಅಣು ಏನು ಮಾಡುತ್ತೆ, ಯಾರ ಜೊತೆ ಸೇರುತ್ತೆ, ಯಾರನ್ನು ಬಿಟ್ಟುಕೊಡುತ್ತೆ ಅಂತ ಮುಂಚೆಯೇ ಹೇಳುವ ಒಂದು ದಾರಿಯಾಗಿ ಕಾಣುತ್ತೆ. ಕಾರ್ಬನ್ನಿನ ಸಂಯುಕ್ತಗಳು ಕೋಟಿಗಟ್ಟಲೆ ಇವೆ. ಒಂದೊಂದನ್ನೂ ಪ್ರತ್ಯೇಕವಾಗಿ ಕಲಿಯೋಕೆ ಯಾರಿಂದಲೂ ಆಗಲ್ಲ. ಆದರೆ ಹತ್ತು ಹದಿನೈದು ಕ್ರಿಯಾಗುಂಪುಗಳ (ಅಣುವಿನ ನಡವಳಿಕೆ ನಿರ್ಧರಿಸುವ ಪರಮಾಣು ಗುಂಪುಗಳ) ಸ್ವಭಾವ ಗೊತ್ತಿದ್ದರೆ, ಕಂಡೇ ಇರದ ಅಣುವಿನ ಬಗ್ಗೆಯೂ ಸಾಕಷ್ಟು ಹೇಳಬಹುದು.

ಹಿಂದೆ ಈ ವಿಂಗಡಣೆ ಹೀಗಿರಲಿಲ್ಲ. ಎಲ್ಲಿಂದ ಸಿಕ್ಕಿತು ಅನ್ನೋದೇ ಗುರುತು. ಫಾರ್ಮಿಕ್ ಆಮ್ಲಕ್ಕೆ ಆ ಹೆಸರು ಬಂದದ್ದು ಇರುವೆಯಿಂದ, ಲ್ಯಾಟಿನ್ನಲ್ಲಿ ಇರುವೆಗೆ ಫಾರ್ಮಿಕಾ ಅನ್ನುತ್ತಾರೆ. ಜೀವಿಗಳಿಂದ ಬಂದದ್ದು ಸಾವಯವ, ಕಲ್ಲು ಮಣ್ಣಿನಿಂದ ಬಂದದ್ದು ನಿರವಯವ. 1828ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ವೋಲರ್ ನಿರವಯವ ಅನ್ನಿಸಿಕೊಂಡಿದ್ದ ಅಮೋನಿಯಂ ಸೈಯನೇಟ್‌ನಿಂದ, ಮೂತ್ರದಲ್ಲಿರುವ ಯೂರಿಯಾ ತಯಾರಿಸಿದ ಮೇಲೆ ಆ ಗೋಡೆ ಬಿರುಕು ಬಿಟ್ಟಿತು. ಈ ಕಥೆ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ನನಗೆ ಜಾಸ್ತಿ ಇಷ್ಟವಾಗೋದು ಅದಾದ ನಾಲ್ಕು ವರ್ಷಕ್ಕೆ, 1832ರಲ್ಲಿ, ಇದೇ ವೋಲರ್ ಮತ್ತು ಯುಸ್ಟಸ್ ಲೀಬಿಗ್ ಸೇರಿ ಮಾಡಿದ ಕೆಲಸ. ಕಹಿ ಬಾದಾಮಿ ಎಣ್ಣೆಯನ್ನು, ಅಂದರೆ ಬೆಂಜಾಲ್ಡಿಹೈಡನ್ನು, ಅವರು ಬೇರೆ ಬೇರೆ ರೀತಿ ಬದಲಾಯಿಸುತ್ತಾ ಹೋದರು. ಬೆಂಜೋಯಿಕ್ ಆಮ್ಲ ಬಂತು, ಬೆಂಜೋಯಿಲ್ ಕ್ಲೋರೈಡ್ ಬಂತು, ಬೆಂಜಮೈಡ್ ಬಂತು. ಪ್ರತಿ ಸಲವೂ ಏಳು ಕಾರ್ಬನ್, ಐದು ಹೈಡ್ರೋಜನ್, ಒಂದು ಆಕ್ಸಿಜನ್ ಇರುವ ಒಂದು ತುಂಡು ಮಾತ್ರ ಚದುರದೆ ಹಾಗೇ ಉಳಿಯುತ್ತಿತ್ತು. ಅಣುವಿನೊಳಗೆ ಒಟ್ಟಾಗಿ ಓಡಾಡುವ ಗುಂಪು ಅಂತ ಒಂದಿದೆ ಅನ್ನೋದು ಅಷ್ಟು ಸ್ಪಷ್ಟವಾಗಿ ಕಂಡದ್ದು ಅಲ್ಲಿ.

ಬರೀ ಅಣುಸೂತ್ರ ನೋಡಿದರೆ ಏನೂ ಗೊತ್ತಾಗಲ್ಲ ಅನ್ನೋಕೆ ಎಲ್ಲರೂ ಕೊಡುವ ಉದಾಹರಣೆ ಎಥನಾಲ್ ಮತ್ತು ಡೈಮೀಥೈಲ್ ಈಥರ್. ಎರಡರಲ್ಲೂ ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ಎಥನಾಲ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ದ್ರವ. ಡೈಮೀಥೈಲ್ ಈಥರ್ ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದು ಹೋಗುವ ಅನಿಲ. ಸೋಡಿಯಂ ತುಂಡು ಹಾಕಿದರೆ ಎಥನಾಲ್ ಹೈಡ್ರೋಜನ್ ಬಿಡುತ್ತೆ, ಈಥರ್ ಸುಮ್ನೆ ಇರುತ್ತೆ. ಪರಮಾಣುಗಳೆಲ್ಲ ಅವೇ, ಕೂತ ಜಾಗ ಮಾತ್ರ ಬೇರೆ.

ಆದರೆ ನಾನು ಯಾರಿಗಾದರೂ ಈ ವಿಷಯ ಹೇಳಿಕೊಡಬೇಕಾದರೆ ಇನ್ನೊಂದು ಸಾಲು ಬರೆಯುತ್ತೇನೆ. ಅಣುತೂಕ ಹೆಚ್ಚುಕಡಿಮೆ 60 ಇರುವವರನ್ನೆಲ್ಲ ಒಂದೇ ಸಾಲಲ್ಲಿ ನಿಲ್ಲಿಸೋದು. ತೂಕ ಒಂದೇ ಆದ್ದರಿಂದ ಕುದಿಬಿಂದುವಿನಲ್ಲಿ ವ್ಯತ್ಯಾಸ ಬಂದರೆ ಅದಕ್ಕೆ ಕಾರಣ ತೂಕ ಅಲ್ಲ ಅಂತ ಗ್ಯಾರಂಟಿ. ಬ್ಯೂಟೇನ್, ತೂಕ 58, ಸೊನ್ನೆ ಡಿಗ್ರಿಯ ಆಸುಪಾಸಲ್ಲೇ ಕುದಿಯುತ್ತೆ. ಈಥೈಲ್ ಮೀಥೈಲ್ ಈಥರ್ ಸುಮಾರು 7 ಡಿಗ್ರಿ. ಪ್ರೊಪನಾಲ್ಡಿಹೈಡ್ 48, ಅಸಿಟೋನ್ 56. ಪ್ರೊಪನಾಲ್‌ಗೆ ಬಂದರೆ ಒಂದೇ ಏಟಿಗೆ 97. ಅಸಿಟಿಕ್ ಆಮ್ಲ 118. ಅಸಿಟಮೈಡ್ ಅಂತೂ ಮಾಮೂಲಿ ಕೋಣೆಯಲ್ಲಿ ಘನವಸ್ತು, ಕುದಿಸಬೇಕಾದರೆ 220 ಡಿಗ್ರಿ ದಾಟಬೇಕು.

ಈ ಸಾಲನ್ನು ನಿಧಾನವಾಗಿ ಇನ್ನೊಂದು ಸಲ ಓದಿ. ಬ್ಯೂಟೇನ್ ಅಣುಗಳು ಒಂದನ್ನೊಂದು ಹಿಡಿದುಕೊಳ್ಳೋದು ತೀರಾ ಸಡಿಲವಾಗಿ. ಕೀಟೋನಿನಲ್ಲಿ ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನ ಕಡೆ ಎಳೆದುಕೊಂಡಿರೋದರಿಂದ ಒಂದು ಅಣುವಿನ ಋಣ ತುದಿ ಇನ್ನೊಂದರ ಧನ ತುದಿಗೆ ವಾಲುತ್ತೆ, ಹಿಡಿತ ಸ್ವಲ್ಪ ಗಟ್ಟಿ. ಆಲ್ಕೊಹಾಲಿನಲ್ಲಿ ಓಎಚ್ ಇದೆ, ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೆ ಅಂಟಿಕೊಳ್ಳುವ ಹೈಡ್ರೋಜನ್ ಬಂಧ ಶುರುವಾಯಿತು. ಆಮ್ಲದಲ್ಲಿ ಎರಡು ಅಣುಗಳು ಎದುರುಬದುರಾಗಿ ಕೂತು ಎರಡು ಹೈಡ್ರೋಜನ್ ಬಂಧ ಹಾಕಿಕೊಂಡು ಜೋಡಿಯಾಗಿಬಿಡುತ್ತವೆ. ಅಮೈಡ್‌ನಲ್ಲಿ ಪ್ರತಿ ಅಣುವಿಗೂ ಕೊಡೋಕೆ ಎರಡು ಹೈಡ್ರೋಜನ್, ಜೊತೆಗೆ ಎಲೆಕ್ಟ್ರಾನ್ ತುಂಬಿದ ಆಕ್ಸಿಜನ್, ಹಾಗಾಗಿ ಅಲ್ಲಿ ಜೋಡಿ ಅಲ್ಲ, ಬಲೆ. ಅಮೀನ್‌ಗಳಲ್ಲೂ ಇದೇ ಲೆಕ್ಕ ನೋಡಬಹುದು. ಪ್ರೊಪೈಲ್ ಅಮೀನ್ ಮತ್ತು ಟ್ರೈಮೀಥೈಲ್ ಅಮೀನ್ ಎರಡರ ಅಣುಸೂತ್ರವೂ ಒಂದೇ. ಮೊದಲನೆಯದು 48 ಡಿಗ್ರಿಯಲ್ಲಿ ಕುದಿಯುತ್ತೆ, ಎರಡನೆಯದು 3 ಡಿಗ್ರಿಯಲ್ಲಿ. ಟ್ರೈಮೀಥೈಲ್ ಅಮೀನ್‌ನ ನೈಟ್ರೋಜನ್ ಮೇಲೆ ಕೊಡೋಕೆ ಹೈಡ್ರೋಜನ್ನೇ ಇಲ್ಲವಲ್ಲ. ರಾಸಾಯನಿಕ ಗುಂಪು ಮತ್ತು ಭೌತಿಕ ಗುಣ ಅಂತ ಎರಡು ಬೇರೆ ಬೇರೆ ಅಧ್ಯಾಯ ಮಾಡಿ ಓದಿಸೋದು ನನಗೆ ಇಷ್ಟ ಆಗದೇ ಇರೋದು ಇದಕ್ಕೇ. ಅವೆರಡೂ ಒಂದೇ ವಿಷಯ.

ಹಾಗಂತ ಕಾರ್ಬನ್ ಸರಪಳಿಯನ್ನು ಮರೆಯೋ ಹಾಗಿಲ್ಲ. ಅಣುವಿನ ಒಂದು ತುದಿಯಲ್ಲಿ ಗುಂಪು, ಉಳಿದದ್ದೆಲ್ಲ ಸರಪಳಿ, ಅವೆರಡರ ನಡುವೆ ಹಗ್ಗಜಗ್ಗಾಟ. ಆಲ್ಕೊಹಾಲ್‌ಗಳನ್ನು ಒಂದೊಂದೇ ಕಾರ್ಬನ್ ಹೆಚ್ಚಾಗುವ ಹಾಗೆ ಸಾಲಾಗಿ ಇಟ್ಟರೆ ಕುದಿಬಿಂದು 65, 78, 97, 118, 138 ಹೀಗೆ ಮೆಟ್ಟಿಲು ಹತ್ತಿದ ಹಾಗೆ ಏರುತ್ತೆ. ಅನುರೂಪ ಶ್ರೇಣಿ ಅಂದರೆ ಇದೇ. ನೀರಿನಲ್ಲಿ ಕರಗುವ ಶಕ್ತಿ ಮಾತ್ರ ಉಲ್ಟಾ. ಮೊದಲ ಮೂರು ಎಷ್ಟು ಹಾಕಿದರೂ ನೀರಿನ ಜೊತೆ ಬೆರೆಯುತ್ತವೆ, ಬ್ಯೂಟನಾಲ್ 100 ಮಿಲಿಲೀಟರ್ ನೀರಿಗೆ ಏಳೆಂಟು ಗ್ರಾಂ ಅಷ್ಟೇ, ಹೆಕ್ಸನಾಲ್ ಒಂದು ಗ್ರಾಂ ಕೂಡ ಕರಗಲ್ಲ. ಗುಂಪು ಅದೇ ಓಎಚ್, ಬಾಲ ಉದ್ದವಾದ ಹಾಗೆ ನೀರಿನ ಸ್ನೇಹ ಬಿಟ್ಟುಹೋಗುತ್ತೆ.

ಸರಪಳಿಯೋ ಉಂಗುರವೋ, ಏಕಬಂಧವೋ ದ್ವಿಬಂಧವೋ ಅನ್ನೋ ವಿಂಗಡಣೆ ಎಲ್ಲರಿಗೂ ಗೊತ್ತಿರುವಂಥದ್ದು. ಬ್ರೋಮಿನ್ ನೀರಿನ ಕಂದು ಬಣ್ಣ ದ್ವಿಬಂಧ ಇರುವ ಹೆಕ್ಸೀನ್ ಜೊತೆ ಅಲ್ಲಾಡಿಸಿದರೆ ತಟ್ಟನೆ ಮಾಯ, ಬರೀ ಏಕಬಂಧ ಇರುವ ಹೆಕ್ಸೇನ್ ಜೊತೆ ಹಾಗೇ ಉಳಿಯುತ್ತೆ. ಇಲ್ಲಿ ಬೆಂಜೀನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಆರು ಕಾರ್ಬನ್ನಿಗೆ ಆರೇ ಹೈಡ್ರೋಜನ್. ಲೆಕ್ಕದ ಪ್ರಕಾರ ಅದು ತೀರಾ ಅಪರ್ಯಾಪ್ತ, ಅಂದರೆ ಇನ್ನೂ ಹೈಡ್ರೋಜನ್ನಿಗೆ ಜಾಗ ಇರುವಂಥದ್ದು. ಬ್ರೋಮಿನ್ ನೀರು ಕಂಡ ಕೂಡಲೇ ಪ್ರತಿಕ್ರಿಯಿಸಬೇಕು ಅಲ್ವಾ? ಏನೂ ಆಗಲ್ಲ. 1865ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಕೆಕುಲೆ ಉಂಗುರದ ರಚನೆ ಕೊಟ್ಟ ಮೇಲೂ ಅದು ಯಾಕಿಷ್ಟು ಶಾಂತ ಅನ್ನೋದು ಪೂರ್ತಿ ತಿಳಿಯೋಕೆ ಬಹಳ ವರ್ಷ ಬೇಕಾಯಿತು. ಆದ್ದರಿಂದಲೇ ಬೆಂಜೀನ್ ಥರದ ಉಂಗುರ ಇರುವ ಅರೋಮ್ಯಾಟಿಕ್ ಸಂಯುಕ್ತಗಳಿಗೆ ಬೇರೆ ಮನೆ. ಅದೇ ಬೆಂಜೀನಿಗೆ ಒಂದು ಓಎಚ್ ಸೇರಿಸಿ ಫೀನಾಲ್ ಮಾಡಿದರೆ ಬ್ರೋಮಿನ್ ನೀರಿನ ಬಣ್ಣ ಹೋಗುತ್ತೆ, ಬಿಳಿ ಒತ್ತರ (ದ್ರಾವಣದಲ್ಲಿ ಕರಗದೆ ಬೇರೆಯಾಗುವ ಪುಡಿ) ಕೂಡ ಬೀಳುತ್ತೆ. ಗುಂಪು ಉಂಗುರದ ಸ್ವಭಾವವನ್ನೇ ಬದಲಾಯಿಸಿಬಿಟ್ಟಿತು.

ಉಂಗುರವೂ ಗುಂಪಿನ ಸ್ವಭಾವ ಬದಲಾಯಿಸುತ್ತೆ. ಪರೀಕ್ಷೆಯ ದಿನ ನಾನು ತಪ್ಪಿದ್ದು ಇಲ್ಲೇ, ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಓಎಚ್ ಅನ್ನೋ ಗುಂಪನ್ನೇ ತೆಗೆದುಕೊಳ್ಳಿ. ಎಥನಾಲಿನಲ್ಲಿ ಅದರ ಪಿಕೆಎ (ಆಮ್ಲದ ಜೋರು ಅಳೆಯುವ ಅಂಕಿ) ಸುಮಾರು 16, ಫೀನಾಲಿನಲ್ಲಿ 10, ಅಸಿಟಿಕ್ ಆಮ್ಲದಲ್ಲಿ 4.76. ಪಿಕೆಎ ಕಡಿಮೆ ಆದಷ್ಟೂ ಆಮ್ಲ ಜೋರು, ಮತ್ತು ಒಂದೊಂದು ಅಂಕಿಗೂ ಹತ್ತು ಪಟ್ಟು. ಅಂದರೆ ಎಥನಾಲಿಗಿಂತ ಫೀನಾಲ್ ಹತ್ತು ಲಕ್ಷ ಪಟ್ಟು ಜೋರಾದ ಆಮ್ಲ! ಎರಡರಲ್ಲೂ ಇರೋದು ಅದೇ ಓಎಚ್. ಫೀನಾಲ್ ತನ್ನ ಹೈಡ್ರೋಜನ್ ಬಿಟ್ಟುಕೊಟ್ಟ ಮೇಲೆ ಉಳಿಯುವ ಋಣ ವಿದ್ಯುದಂಶವನ್ನು ಉಂಗುರ ಹಂಚಿಕೊಳ್ಳುತ್ತೆ, ಎಥನಾಲಿಗೆ ಹಂಚಿಕೊಳ್ಳುವವರು ಯಾರೂ ಇಲ್ಲ. ಕಾರ್ಬಾಕ್ಸಿಲಿಕ್ ಆಮ್ಲದಲ್ಲಿ ಪಕ್ಕದಲ್ಲೇ ಇನ್ನೊಂದು ಆಕ್ಸಿಜನ್ ಕೂತು ಅರ್ಧ ಭಾರ ಹೊರುತ್ತೆ.

ಬೈಕಾರ್ಬನೇಟ್ ಪರೀಕ್ಷೆ ನಿಂತಿರೋದು ಈ ಅಂಕಿಗಳ ಮೇಲೆ. ಕಾರ್ಬೋನಿಕ್ ಆಮ್ಲದ ಪಿಕೆಎ ಸುಮಾರು 6.4. ಅದಕ್ಕಿಂತ ಜೋರಾದ ಆಮ್ಲ ಬೈಕಾರ್ಬನೇಟನ್ನು ಒಡೆದು ಗುಳ್ಳೆ ಎಬ್ಬಿಸುತ್ತೆ. 4.76ಕ್ಕೆ ಅದು ಸಾಧ್ಯ, 10ಕ್ಕೆ ಸಾಧ್ಯ ಇಲ್ಲ. ನಾವು "ಆಮ್ಲ ಗುಂಪಿನ ಪರೀಕ್ಷೆ" ಅಂತ ಕರೆಯುತ್ತೇವೆ, ಆದರೆ ಆ ಪ್ರನಾಳಕ್ಕೆ ಗುಂಪಿನ ಹೆಸರು ಗೊತ್ತಿಲ್ಲ, ಜೋರು ಮಾತ್ರ ಗೊತ್ತು. ಪಿಕ್ರಿಕ್ ಆಮ್ಲ ನೋಡಿ. ಅದು ಮೂರು ನೈಟ್ರೋ ಗುಂಪುಗಳಿರುವ ಫೀನಾಲ್, ಸಿಓಓಎಚ್ ಇಲ್ಲವೇ ಇಲ್ಲ. ಆದರೂ ಅದರ ಪಿಕೆಎ 1ಕ್ಕಿಂತ ಕೆಳಗೆ, ಬೈಕಾರ್ಬನೇಟಿನಲ್ಲಿ ಗುಳ್ಳೆ ಎಬ್ಬಿಸುವ ಸಾಮರ್ಥ್ಯ ಧಾರಾಳವಾಗಿ ಇದೆ. ಅಮೀನ್ ಕಡೆಯೂ ಹೀಗೇ. ಈಥೈಲ್ ಅಮೀನ್ ಒಳ್ಳೆಯ ಪ್ರತ್ಯಾಮ್ಲ. ಅದೇ ಎನ್ಎಚ್2 ಬೆಂಜೀನ್ ಉಂಗುರದ ಮೇಲೆ ಕೂತು ಅನಿಲೀನ್ ಆದರೆ ಪ್ರತ್ಯಾಮ್ಲತೆ ಸುಮಾರು ಹತ್ತು ಲಕ್ಷ ಪಟ್ಟು ಇಳಿಯುತ್ತೆ. ಕಾರ್ಬನ್-ಆಕ್ಸಿಜನ್ ದ್ವಿಬಂಧದ ಪಕ್ಕ ಕೂತು ಅಮೈಡ್ ಆದರೆ ಹೆಚ್ಚುಕಡಿಮೆ ತಟಸ್ಥ. ಹೀಗಾಗಿ ಗುಂಪನ್ನು ಗುರುತಿಸುವಾಗ ಅದರ ನೆರೆಮನೆಯನ್ನೂ ನೋಡಬೇಕು.

ಈ ವಿಂಗಡಣೆಯನ್ನು ಕಣ್ಣಾರೆ ನೋಡಬೇಕು ಅಂದರೆ ಬೇರ್ಪಡಿಕೆ ಆಲಿಕೆಯ ಪ್ರಯೋಗಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬೆಂಜೋಯಿಕ್ ಆಮ್ಲ, ನ್ಯಾಫ್ತಾಲ್, ಅನಿಲೀನ್, ನ್ಯಾಫ್ತಲೀನ್, ಈ ನಾಲ್ಕನ್ನೂ ಈಥರಿನಲ್ಲಿ ಒಟ್ಟಿಗೆ ಕರಗಿಸಿದ್ದಾರೆ ಅಂದುಕೊಳ್ಳಿ. ಮೊದಲು ನೀರು ಬೆರೆಸಿ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಅಲ್ಲಾಡಿಸುತ್ತೇವೆ. ಅನಿಲೀನ್ ಪ್ರತ್ಯಾಮ್ಲ, ಅದು ಲವಣವಾಗಿ ಕೆಳಗಿನ ನೀರಿನ ಪದರಕ್ಕೆ ಇಳಿಯುತ್ತೆ. ಈಥರ್ ಹಗುರ, ಅದು ಮೇಲೆ. ಕೆಳಗಿನ ನಲ್ಲಿ ತಿರುಗಿಸಿ ನೀರನ್ನು ಬೇರೆ ಲೋಟಕ್ಕೆ ಇಳಿಸೋದು. ಆಮೇಲೆ ಬೈಕಾರ್ಬನೇಟ್. ಇಲ್ಲಿ ಹುಷಾರು, ಗುಳ್ಳೆಯಿಂದ ಒಳಗೆ ಒತ್ತಡ ಏರುತ್ತೆ, ಆಲಿಕೆಯನ್ನು ತಲೆಕೆಳಗೆ ಹಿಡಿದು ನಲ್ಲಿ ತೆಗೆದು ಅನಿಲ ಬಿಡುತ್ತಾ ಇರಬೇಕು, ಇಲ್ಲದಿದ್ದರೆ ಮುಚ್ಚಳ ಹಾರುತ್ತೆ. ಬೆಂಜೋಯಿಕ್ ಆಮ್ಲ ಈ ನೀರಿಗೆ ಬಂತು. ಮೂರನೆಯದು ಸೋಡಿಯಂ ಹೈಡ್ರಾಕ್ಸೈಡ್, ಅದಕ್ಕೆ ಫೀನಾಲ್ ಜಾತಿಯ ನ್ಯಾಫ್ತಾಲ್ ಇಳಿಯುತ್ತೆ. ನ್ಯಾಫ್ತಲೀನ್ ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲ, ಈಥರಿನಲ್ಲೇ ಉಳಿದುಕೊಳ್ಳುತ್ತೆ.

ಸರದಿ ತಪ್ಪಿಸಬಾರದು. ಬೈಕಾರ್ಬನೇಟಿಗೆ ಮುಂಚೆ ಹೈಡ್ರಾಕ್ಸೈಡ್ ಹಾಕಿಬಿಟ್ಟರೆ ಬೆಂಜೋಯಿಕ್ ಆಮ್ಲ, ನ್ಯಾಫ್ತಾಲ್ ಎರಡೂ ಒಟ್ಟಿಗೆ ಇಳಿದು ಬರುತ್ತವೆ, ಬೇರ್ಪಡಿಸಿದ್ದು ವ್ಯರ್ಥ. ಸಣ್ಣ ಪ್ರಶ್ನೆ ಮೊದಲು, ದೊಡ್ಡ ಪ್ರಶ್ನೆ ಆಮೇಲೆ. ಕೊನೆಗೆ ಬೆಂಜೋಯಿಕ್ ಆಮ್ಲ ಇರುವ ಲೋಟಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಹನಿ ಹನಿಯಾಗಿ ಬಿಡುವಾಗಿನ ಕ್ಷಣ ಇದೆಯಲ್ಲ, ಅದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ತಿಳಿನೀರಿನ ಹಾಗಿದ್ದ ದ್ರಾವಣದಲ್ಲಿ ಮೊದಲು ಗುಳ್ಳೆ, ಆಮೇಲೆ ಮಬ್ಬು, ಆಮೇಲೆ ಎಲ್ಲಿಂದಲೋ ಮಂಜು ಸುರಿದ ಹಾಗೆ ಬಿಳಿ ಹರಳು ತುಂಬಿಕೊಳ್ಳುತ್ತೆ. ಕಣ್ಣಿಗೆ ಕಾಣದೆ ಕರಗಿಹೋಗಿದ್ದ ಆಮ್ಲ ವಾಪಸ್ ಬಂದಿರುತ್ತೆ.

ಆಲ್ಡಿಹೈಡ್ ಮತ್ತು ಕೀಟೋನ್ ವಿಷಯಕ್ಕೆ ಬಂದರೆ, 2,4-ಡೈನೈಟ್ರೋಫೀನೈಲ್ ಹೈಡ್ರಜೀನ್ ಎರಡಕ್ಕೂ ಹಳದಿ ಅಥವಾ ಕಿತ್ತಳೆ ಒತ್ತರ ಕೊಡುತ್ತೆ. ಅವೆರಡನ್ನು ಬೇರೆ ಮಾಡೋಕೆ ಬೆಳ್ಳಿ ಲವಣದ ಅಮೋನಿಯಾ ದ್ರಾವಣ ಹಾಕುವ ಟೋಲೆನ್ಸ್ ಪರೀಕ್ಷೆ. ಆಲ್ಡಿಹೈಡ್ ಇದ್ದರೆ ಪ್ರನಾಳದ ಒಳಗೋಡೆಗೆ ಬೆಳ್ಳಿ ಕನ್ನಡಿಯ ಹಾಗೆ ಅಂಟುತ್ತೆ. ಆದರೆ ಇಲ್ಲೂ ಕಣ್ಣು ತೆರೆದಿರಬೇಕು. ಫಾರ್ಮಿಕ್ ಆಮ್ಲವೂ ಬೆಳ್ಳಿ ಕನ್ನಡಿ ಕೊಡುತ್ತೆ. ಅದು ಆಮ್ಲ ತಾನೆ ಅಂತ ಕೇಳಬಹುದು. ರಚನೆ ಬರೆದು ನೋಡಿ. ಕಾರ್ಬನ್ ಒಂದೇ, ಒಂದು ಕಡೆಯಿಂದ ನೋಡಿದರೆ ಸಿಓಓಎಚ್, ಇನ್ನೊಂದು ಕಡೆಯಿಂದ ನೋಡಿದರೆ ಆಲ್ಡಿಹೈಡಿನ ಸಿಎಚ್ಓ. ಫ್ರಕ್ಟೋಸ್ ಕೀಟೋನ್ ಆಗಿದ್ದರೂ ಕನ್ನಡಿ ಕೊಡುತ್ತೆ, ಯಾಕಂದರೆ ಟೋಲೆನ್ಸ್ ದ್ರಾವಣದ ಕ್ಷಾರದಲ್ಲಿ ಅದು ಗ್ಲೂಕೋಸ್ ಆಗಿ ಮಾರ್ಪಡಬಲ್ಲದು. ಇಂಥವನ್ನು "ಅಪವಾದಗಳು" ಅಂತ ಒಂದು ಮೂಲೆಗೆ ತಳ್ಳಬಾರದು. ಕ್ರಿಯಾಗುಂಪು ಹೇಗೆ ಕೆಲಸ ಮಾಡುತ್ತೆ ಅಂತ ಜಾಸ್ತಿ ಕಲಿಸೋದು ಇವೇ.

ಒಂದು ಎಚ್ಚರಿಕೆ. ಪ್ರಾಥಮಿಕ ಅಮೀನ್ (ನೈಟ್ರೋಜನ್ ಮೇಲೆ ಎರಡು ಹೈಡ್ರೋಜನ್ ಇರುವ ಅಮೀನ್) ಗುರುತಿಸೋಕೆ ಕಾರ್ಬೈಲಮೀನ್ ಪರೀಕ್ಷೆ ಅಂತ ಇದೆ, ಬಹಳ ಕೆಟ್ಟ ವಾಸನೆ ಬಂದರೆ ಅಮೀನ್ ಇದೆ ಅಂತ ಅರ್ಥ. ಆ ವಾಸನೆಯ ಐಸೋಸೈನೈಡ್ ವಿಷ, ಹಾಕುವ ಕ್ಲೋರೋಫಾರ್ಮ್ ಕೂಡ ಒಳ್ಳೆಯದಲ್ಲ. ದಯವಿಟ್ಟು ಅದನ್ನು ಮಾಡಬೇಡಿ. ಅನಿಲೀನ್ ಥರದ ಅರೋಮ್ಯಾಟಿಕ್ ಅಮೀನ್ ಆದರೆ ಸೊನ್ನೆಯಿಂದ 5 ಡಿಗ್ರಿಯೊಳಗೆ ತಣ್ಣಗಿಟ್ಟು ಡಯಜೋನಿಯಂ ಲವಣ ಮಾಡಿ, ಬೀಟಾ ನ್ಯಾಫ್ತಾಲಿನ ಕ್ಷಾರ ದ್ರಾವಣಕ್ಕೆ ಸೇರಿಸಿ. ಕಿತ್ತಳೆ ಮಿಶ್ರಿತ ಕೆಂಪು ಬಣ್ಣ ಬರುತ್ತೆ.

ಈಗಿನ ಲ್ಯಾಬ್‌ಗಳಲ್ಲಿ ಇನ್‌ಫ್ರಾರೆಡ್ ಯಂತ್ರಕ್ಕೆ ಚಿಟಿಕೆ ಪುಡಿ ಇಟ್ಟರೆ ನಿಮಿಷದಲ್ಲಿ ಉತ್ತರ. ಅದು ಬರೆಯುವ ಗ್ರಾಫಿನಲ್ಲಿ ತರಂಗಸಂಖ್ಯೆ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನೋ ಲೆಕ್ಕ) 1700ರ ಸುತ್ತಮುತ್ತ ಚೂಪಾದ ಇಳಿತ ಕಂಡರೆ ಕಾರ್ಬನ್-ಆಕ್ಸಿಜನ್ ದ್ವಿಬಂಧ ಇದೆ, 3000ದ ಆಚೀಚೆ ಅಗಲವಾಗಿ ಇಳಿದಿದ್ದರೆ ಆಮ್ಲದ ಓಎಚ್ ಇರಬಹುದು. ಯಂತ್ರ ಹುಡುಕೋದೂ ಗುಂಪುಗಳನ್ನೇ. ನನಗೇನೋ ಪ್ರನಾಳದಲ್ಲಿ ಒಮ್ಮೆಯಾದರೂ ಮಾಡಿ ನೋಡಿದವರಿಗೇ ಆ ಗ್ರಾಫ್ ಚೆನ್ನಾಗಿ ಓದೋಕೆ ಬರುತ್ತೆ ಅನ್ನಿಸುತ್ತೆ.

ನಿಜವಾದ ಅಣುಗಳಲ್ಲಿ ಗುಂಪು ಒಂದೇ ಇರೋದು ಅಪರೂಪ. ವೆನಿಲಿನ್‌ನಲ್ಲಿ ಆಲ್ಡಿಹೈಡ್ ಇದೆ, ಈಥರ್ ಇದೆ, ಫೀನಾಲ್ ಇದೆ. ಪ್ಯಾರಸಿಟಮಾಲ್‌ನಲ್ಲಿ ಫೀನಾಲ್ ಮತ್ತು ಅಮೈಡ್. ಹೆಸರಿಡುವಾಗ ಒಬ್ಬರಿಗೆ ಮಾತ್ರ ಪಟ್ಟ, ಆಮ್ಲ ಇದ್ದರೆ ಅದಕ್ಕೆ ಮೊದಲ ಮರ್ಯಾದೆ, ಆಮೇಲೆ ಆಲ್ಡಿಹೈಡ್, ಕೀಟೋನ್, ಆಲ್ಕೊಹಾಲ್, ಅಮೀನ್. 1892ರಲ್ಲಿ ಜಿನೀವಾದಲ್ಲಿ ರಸಾಯನಶಾಸ್ತ್ರಜ್ಞರು ಸೇರಿ ಹೆಸರಿಡುವ ನಿಯಮ ಮಾಡೋಕೆ ಶುರು ಮಾಡಿದರು, ಈಗಿನ ಐಯುಪಿಎಸಿ (ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ) ಪದ್ಧತಿ ಅಲ್ಲಿಂದ ಬೆಳೆದದ್ದು. ಹೆಸರಿಗೆ ಅದು ಸರಿ. ಆದರೆ ಫ್ಲಾಸ್ಕ್ ಒಳಗೆ ಎಲ್ಲ ಗುಂಪುಗಳೂ ತಮ್ಮ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ, ಒಂದರ ಮೇಲೆ ಒಂದು ಪ್ರಭಾವ ಬೀರುತ್ತಾ. ನನ್ನ ಸ್ಯಾಲಿಸಿಲಿಕ್ ಆಮ್ಲವನ್ನೇ ನೋಡಿ. ಬೆಂಜೋಯಿಕ್ ಆಮ್ಲದ ಪಿಕೆಎ 4.2, ಸ್ಯಾಲಿಸಿಲಿಕ್‌ನದು ಸುಮಾರು 3. ಪಕ್ಕದ ಓಎಚ್ ಹೈಡ್ರೋಜನ್ ಬಂಧದಿಂದ ಕೈಕೊಟ್ಟು ಹಿಡಿದುಕೊಳ್ಳೋದರಿಂದ ಆಮ್ಲಕ್ಕೆ ಹೈಡ್ರೋಜನ್ ಬಿಡೋದು ಸುಲಭ. ಅದೇ ಓಎಚ್ ಅನ್ನು ಉಂಗುರದ ಎದುರು ಮೂಲೆಗೆ ಕಳಿಸಿದರೆ ಪಿಕೆಎ ಸುಮಾರು 4.5ಕ್ಕೆ ಹೋಗುತ್ತೆ. ಕರಗುವ ಬಿಂದುವೂ 159ರಿಂದ 214ರ ಆಸುಪಾಸಿಗೆ ಏರುತ್ತೆ, ಯಾಕಂದರೆ ಈಗ ಆ ಓಎಚ್ ತನ್ನ ಅಣುವಿನೊಳಗೇ ಕೈಹಿಡಿಯೋಕೆ ಆಗದೆ ಬೇರೆ ಅಣುಗಳ ಕೈ ಹಿಡಿಯುತ್ತೆ.

ಆ ಪರೀಕ್ಷೆ ಮುಗಿದ ಎಷ್ಟೋ ದಿನದ ಮೇಲೆ ಆಸ್ಪಿರಿನ್ ಮೇಲೆ ಇದನ್ನೇ ಮಾಡಿ ನೋಡಿದೆ. ಆಸ್ಪಿರಿನ್ ಅಂದರೆ ಸ್ಯಾಲಿಸಿಲಿಕ್ ಆಮ್ಲವೇ, ಅದರ ಫೀನಾಲ್ ಓಎಚ್ ಅನ್ನು ಎಸ್ಟರ್ ಮಾಡಿ ಮುಚ್ಚಿರುತ್ತಾರೆ. ಶುದ್ಧವಾದ ಆಸ್ಪಿರಿನ್ ಪುಡಿಗೆ ಫೆರಿಕ್ ಕ್ಲೋರೈಡ್ ಬಿಟ್ಟೆ. ನೇರಳೆ ಬರಲಿಲ್ಲ. ಬೈಕಾರ್ಬನೇಟಿನಲ್ಲಿ ನೊರೆ ಬಂತು, ಆಮ್ಲದ ಗುಂಪು ಹಾಗೇ ಇದೆಯಲ್ಲ. ಆಮೇಲೆ ಬಹಳ ದಿನ ತೇವದಲ್ಲಿ ಬಿದ್ದಿದ್ದ ಹಳೇ ಆಸ್ಪಿರಿನ್ ತೆಗೆದುಕೊಂಡೆ. ಬಾಟಲಿ ಮುಚ್ಚಳ ತೆರೆದ ಕೂಡಲೇ ಅಸಿಟಿಕ್ ಆಮ್ಲದ ಹುಳಿ ವಾಸನೆ. ಎಸ್ಟರ್ ಬಂಧ ನೀರಿನಿಂದ ಒಡೆದಿದೆ ಅಂತ ಮೂಗಿಗೇ ಗೊತ್ತಾಯಿತು. ಆದರೂ ಮೊದಲು ಬೈಕಾರ್ಬನೇಟ್ ಹಾಕಿ ನೊರೆ ನೋಡಿದೆ, ಬರೆದುಕೊಂಡೆ, ಆಮೇಲೆ ಬೇರೆ ಪ್ರನಾಳದಲ್ಲಿ ಫೆರಿಕ್ ಕ್ಲೋರೈಡ್ ಎರಡು ಹನಿ ಬಿಟ್ಟೆ. ಅದೇ ಕಡು ನೇರಳೆ, ಹೊಗೆಯ ಹಾಗೆ ಕೆಳಗಿಳಿಯುತ್ತಾ ಬಂತು.